ಅಳುವವರ ಹಣ: ಶವಸಂಸ್ಕಾರದ ಶುಲ್ಕವೂ ಪೌರನ್ಯಾಯವೂ

ಅಹಮದಾಬಾದಿನ ಆಗ್ನೇಯ ದಿಕ್ಕಿನಲ್ಲಿರುವ ವಟ್ವಾಕ್ಕೆ ಎರಡು ಗುರುತುಗಳಿವೆ. ಒಂದು, 15ನೆಯ ಶತಮಾನದ ಸೂಫಿ ಸಂತ ಕುತುಬ್-ಎ-ಆಲಂ ಅವರ ಗೋರಿ. ಇನ್ನೊಂದು, ಬಣ್ಣ ಮತ್ತು ರಾಸಾಯನಿಕಗಳ ಕಾರ್ಖಾನೆಗಳಿಂದ ತುಂಬಿದ ಕೈಗಾರಿಕಾ ವಸಾಹತು. ಮೊದಲನೆಯದು ಸತ್ತವರೊಬ್ಬರನ್ನು ಊರು ಐದು ಶತಮಾನಗಳಿಂದ ಗೌರವಿಸುತ್ತ ಬಂದ ಕುರುಹು. ಎರಡನೆಯದು ಹಲವು ಪ್ರಾಂತಗಳ ಜನರನ್ನು ಬದುಕಿಗಾಗಿ ಕರೆತಂದ ಸ್ಥಳ. ಹಾಗೆ ಬದುಕಲು ಬಂದವರ ಮನೆಯಲ್ಲಿ ಸಾವು ಸಂಭವಿಸಿದಾಗ, ಆ ದೇಹಕ್ಕೆ ಆರಡಿ ನೆಲವೋ ಒಂದು ಚಿತೆಯೋ ಯಾವ ಷರತ್ತಿನ ಮೇಲೆ ದೊರೆಯಬೇಕು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಉದಾಹರಣೆಗೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಬಾಗಲಕೋಟೆ ಜಿಲ್ಲೆಯ ಒಬ್ಬ ಲಿಂಗಾಯತ ಯುವಕ ವಟ್ವಾದ ಬಣ್ಣದ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 16,000 ರೂಪಾಯಿ ಸಂಬಳಕ್ಕೆ ದುಡಿಯುತ್ತಾನೆ. ಬಾಡಿಗೆಯ ಒಂದೇ ಕೋಣೆ. ಹೆಂಡತಿ, ಮಗು, ಅರವತ್ತೆಂಟು ವರ್ಷದ ತಾಯಿ. ಶನಿವಾರ ರಾತ್ರಿ ತಾಯಿ ತೀರಿಕೊಳ್ಳುತ್ತಾಳೆ. ಅವನ ಮನೆತನದಲ್ಲಿ ದೇಹವನ್ನು ಸುಡುವ ರೂಢಿಯಿಲ್ಲ, ಹೂಳಬೇಕು. ಭಾನುವಾರ ಬೆಳಗಾಗುವಷ್ಟರಲ್ಲಿ ಅವನ ಮುಂದೆ ಪ್ರಶ್ನೆಗಳ ಸಾಲು ನಿಲ್ಲುತ್ತದೆ: ಹೂಳಲು ಜಾಗ ಎಲ್ಲಿ? ವಿಳಾಸದ ದಾಖಲೆ ಏನಿದೆ? ಶವವಾಹನಕ್ಕೆ ಎಷ್ಟು? ಗುಂಡಿ ತೋಡುವವರಿಗೆ ಎಷ್ಟು? ರಸೀದಿಯ ಮೊತ್ತ ಎಷ್ಟು, ರಸೀದಿ ಇಲ್ಲದೆ ಕೊಡಬೇಕಾದದ್ದು ಎಷ್ಟು? ಪ್ರತಿಯೊಂದು ಪ್ರಶ್ನೆಯೂ ತನ್ನಷ್ಟಕ್ಕೆ ತಾನು ಸಮಂಜಸವೇ. ಆದರೆ ಎಲ್ಲವೂ ಒಟ್ಟಾಗಿ, ತಾಯಿಯ ದೇಹ ಕೋಣೆಯಲ್ಲಿ ಮಲಗಿರುವಾಗ, ಹೆಚ್ಚೆಂದರೆ ಹನ್ನೆರಡು ಗಂಟೆಗಳೊಳಗೆ ಉತ್ತರ ಕೇಳುತ್ತವೆ. ಈ ಹನ್ನೆರಡು ಗಂಟೆಗಳಲ್ಲಿ ಕೈ ಬದಲಾಯಿಸುವ ಹಣದ ನ್ಯಾಯಾನ್ಯಾಯವನ್ನು ಗುಜರಾತಿನ ನೆಲವೇ ಒಮ್ಮೆ ಬಹಳ ಹಿಂದೆ ತೀರ್ಮಾನಿಸಿತ್ತು.

12ನೆಯ ಶತಮಾನದಲ್ಲಿ ಅಣಹಿಲಪಾಟಣದಿಂದ ಗುಜರಾತನ್ನು ಆಳಿದ ಚೌಲುಕ್ಯ ಅರಸ ಕುಮಾರಪಾಲನು ಆಚಾರ್ಯ ಹೇಮಚಂದ್ರರ ಶಿಷ್ಯ. ಅವನ ಪ್ರಾಣಿವಧೆಯ ನಿಷೇಧವನ್ನು ಜೈನ ಸಮಾಜ ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತದೆ. ಅಷ್ಟೇ ದೊಡ್ಡದಾದ ಅವನ ಇನ್ನೊಂದು ಕಾರ್ಯ ಕಡಿಮೆ ನೆನಪಿನಲ್ಲಿದೆ. ಗಂಡುಸಂತಾನವಿಲ್ಲದೆ ಸತ್ತವನ ಆಸ್ತಿಯನ್ನು ರಾಜ್ಯವು ವಶಪಡಿಸಿಕೊಳ್ಳುವುದು ಅಂದಿನ ಪದ್ಧತಿ. ಗಂಡ ಸತ್ತ ದಿನವೇ ಹೆಂಡತಿ ಮನೆಯನ್ನೂ ಕಳೆದುಕೊಳ್ಳುತ್ತಿದ್ದಳು. ಆ ಹಣಕ್ಕೆ ‘ರುದತೀವಿತ್ತ’, ಎಂದರೆ ಅಳುತ್ತಿರುವ ಹೆಣ್ಣಿನ ಹಣ, ಎಂಬ ಹೆಸರೇ ಇತ್ತು. ಬೊಕ್ಕಸಕ್ಕೆ ಸಲೀಸಾಗಿ ಬರುತ್ತಿದ್ದ ಈ ಆದಾಯವನ್ನು ಕುಮಾರಪಾಲ ತ್ಯಜಿಸಿದ. ಯಶಃಪಾಲನ ‘ಮೋಹರಾಜಪರಾಜಯ’ ನಾಟಕ ಈ ತ್ಯಾಗವನ್ನು ಕಥಾವಸ್ತುವಾಗಿಸಿಕೊಂಡಿದೆ. ಅವನಿಗಿಂತ ಬಹುಕಾಲ ಹಿಂದೆ ಕಾಳಿದಾಸನ ‘ಶಾಕುಂತಲ’ದಲ್ಲಿಯೂ ಹಡಗು ಒಡೆದು ಸತ್ತ ವರ್ತಕನ ಸ್ವತ್ತು ಅರಮನೆಗೆ ಸೇರಬೇಕೆಂದು ಮಂತ್ರಿ ಬರೆದು ಕಳುಹಿಸಿದಾಗ, ದುಷ್ಯಂತನು ವರ್ತಕನ ಹೆಂಡಿರಲ್ಲಿ ಗರ್ಭಿಣಿಯರು ಯಾರಾದರೂ ಇರುವರೇ ಎಂದು ಮೊದಲು ವಿಚಾರಿಸುತ್ತಾನೆ.

ಕುಮಾರಪಾಲನ ನಿರ್ಧಾರದಲ್ಲಿ ಕರುಣೆಯ ಜೊತೆಗೆ ಒಂದು ತತ್ತ್ವವೂ ಅಡಗಿದೆ. ಅಳುತ್ತಿರುವವಳು ನಿರಾಕರಿಸಲಾರಳು, ಚೌಕಾಸಿ ಮಾಡಲಾರಳು, ನಾಳೆ ಬಾ ಎನ್ನಲಾರಳು. ಹಾಗೆ ನಿರಾಕರಿಸಲಾರದವರ ಕೈಯಿಂದ ಪಡೆದದ್ದು ಕಾನೂನಿಗೆ ಸರಿಯೆನಿಸಿದರೂ ನ್ಯಾಯವೆನಿಸದು. ‘ಉರಿಯುವ ಮನೆಯ ಗಳ ಹಿರಿಯುವುದು’ ಎಂಬ ಕನ್ನಡದ ಗಾದೆ ಹೇಳುವುದೂ ಇದನ್ನೇ.

ಇಂದಿನ ಕಾನೂನು ಏನೆನ್ನುತ್ತದೆ? ಹೂಳುವ ನೆಲ ಮತ್ತು ದಹನಭೂಮಿಗಳು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 10ನೆಯ ವಿಷಯ. 1992ರ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಇದೇ ವಿಷಯ, ವಿದ್ಯುತ್ ಚಿತಾಗಾರಗಳನ್ನೂ ಒಳಗೊಂಡು, ನಗರಾಡಳಿತದ 14ನೆಯ ಕಾರ್ಯವಾಗಿದೆ. ಅಹಮದಾಬಾದ್, ವಡೋದರಾ, ಸೂರತ್ ಮಹಾನಗರಪಾಲಿಕೆಗಳಿಗೆ ಅನ್ವಯಿಸುವ 1949ರ ಕಾಯಿದೆಯೂ ಕರ್ನಾಟಕದ 1976ರ ಮಹಾನಗರಪಾಲಿಕೆಗಳ ಕಾಯಿದೆಯೂ ಶವಸಂಸ್ಕಾರದ ಸ್ಥಳಗಳ ವ್ಯವಸ್ಥೆಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಎಣಿಸುತ್ತವೆ. ಉದ್ಯಾನವೋ ರಂಗಮಂದಿರವೋ ಹಣವಿದ್ದಾಗ ಮಾಡುವ ಕೆಲಸ. ಸ್ಮಶಾನ ಹಾಗಲ್ಲ, ಬೀದಿದೀಪ, ಚರಂಡಿಗಳ ಸಾಲಿಗೆ ಸೇರಿದ್ದು.

ತೆರಿಗೆಗೂ ಶುಲ್ಕಕ್ಕೂ ಇರುವ ಭೇದವನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ, 1954ರಲ್ಲಿ. ತೆರಿಗೆಯು ಸಾರ್ವಜನಿಕ ಉದ್ದೇಶಕ್ಕಾಗಿ ಎಲ್ಲರಿಂದ ಪಡೆಯುವ ಕಡ್ಡಾಯ ಹಣ. ಶುಲ್ಕವು ವಿಶೇಷ ಸೇವೆಯೊಂದಕ್ಕೆ ಅದನ್ನು ಪಡೆದವನು ಕೊಡುವ ಪ್ರತಿಫಲ. ಸೇವೆಗೂ ಶುಲ್ಕಕ್ಕೂ ಪೈಸೆಪೈಸೆಯ ಲೆಕ್ಕ ಬೇಕಿಲ್ಲ, ಸ್ಥೂಲವಾದ ಸಂಬಂಧ ಸಾಕು ಎಂದು ನಂತರದ ತೀರ್ಪುಗಳು ಸಡಿಲಿಸಿವೆ. ಹಾಗಾದರೆ ಹೆಣ ಹೂಳುವುದು ಯಾರಿಗೆ ಸಲ್ಲುವ ಸೇವೆ? ಸತ್ತವರಿಗೆ ಅದರ ಅರಿವಿಲ್ಲ. ಮನೆಯವರಿಗೆ ಅದು ಋಣ. ಆದರೆ ದೇಹವು ವಿಲೇವಾರಿಯಾಗದೆ ಉಳಿದರೆ ಹಾನಿ ಇಡೀ ಕೇರಿಗೆ, ಇಡೀ ಊರಿಗೆ. ಆದುದರಿಂದ ಇದರ ಫಲಾನುಭವಿ ಊರೇ. ವೆಚ್ಚವನ್ನೂ ಊರೇ ಹೊರುವುದು ಲೆಕ್ಕದ ನಿಯಮಕ್ಕೂ ಒಪ್ಪುವ ಮಾತು.

ಕೇಂದ್ರದ ಕಾನೂನು ಈ ಸೂಕ್ಷ್ಮವನ್ನು ಗ್ರಹಿಸಿದೆ. 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಮೂರನೆಯ ಅನುಸೂಚಿ ಅಂತ್ಯಕ್ರಿಯೆ, ಹೂಳುವಿಕೆ, ಚಿತಾಗಾರ, ಶವಾಗಾರ ಮತ್ತು ಶವಸಾಗಣೆಯ ಸೇವೆಗಳನ್ನು ‘ಸರಕೂ ಅಲ್ಲ, ಸೇವೆಯೂ ಅಲ್ಲ’ ಎಂದು ತೆರಿಗೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಆದರೆ ಚಿತಾಗಾರವನ್ನು ಕಟ್ಟುವ ಗುತ್ತಿಗೆಯ ಮೇಲಿನ ತೆರಿಗೆ 2022ರ ಜುಲೈ 18ರಿಂದ ಶೇಕಡಾ 12ರಿಂದ 18ಕ್ಕೆ ಏರಿತು. ಬಾಗಿಲಲ್ಲಿ ಬಿಟ್ಟದ್ದು ಗೋಡೆಯಲ್ಲಿ ಸೇರಿಕೊಂಡಿತು. ಕಟ್ಟಡದ ಆ ವೆಚ್ಚ ಕೊನೆಗೆ ಪಾಲಿಕೆಯ ಖಾತೆಯಲ್ಲಿ ನಿಲ್ಲುವುದೋ ಶುಲ್ಕವಾಗಿ ಮನೆಯವರ ಕೈಗೆ ವರ್ಗವಾಗುವುದೋ ಎಂಬುದನ್ನು ಪ್ರತಿ ನಗರವೂ ಪರಿಶೀಲಿಸಬೇಕು.

ಸ್ಮಶಾನದ ಖರ್ಚಿನಲ್ಲಿ ಎರಡು ಬಗೆ. ನೆಲ, ಗೋಡೆ, ದೀಪ, ನೀರು, ಕಾವಲುಗಾರನ ಸಂಬಳ ಇವು ಆ ದಿನ ಯಾರೂ ಸಾಯದಿದ್ದರೂ ಆಗುವ ಸ್ಥಿರ ವೆಚ್ಚ. ಕಟ್ಟಿಗೆ, ಅನಿಲ, ವಿದ್ಯುತ್ತು, ಗುಂಡಿ ತೋಡುವ ಕೂಲಿ ಇವು ದೇಹವೊಂದು ಬಂದಾಗ ಮಾತ್ರ ಆಗುವ ಖರ್ಚು. ಸ್ಥಿರ ವೆಚ್ಚವನ್ನು ಶೋಕಾರ್ತರ ಮೇಲೆ ಹಂಚುವುದಕ್ಕೆ ಯಾವ ಆಧಾರವೂ ಇಲ್ಲ. ಅದು ಊರಿನ ಆಸ್ತಿ ತೆರಿಗೆಗೆ ಸೇರಿದ್ದು. ಎರಡನೆಯ ಬಗೆಯನ್ನೂ ಊರು ಹೊರಲಾರದೇ? ಲೆಕ್ಕಕ್ಕಾಗಿ ಒಂದು ಅಂಕಿಯನ್ನು ಊಹಿಸಬಹುದು: ಮಹಾನಗರವೊಂದರಲ್ಲಿ ವರ್ಷಕ್ಕೆ 50,000 ಶವಸಂಸ್ಕಾರಗಳು, ಪ್ರತಿಯೊಂದಕ್ಕೆ 1,000 ರೂಪಾಯಿ ಶುಲ್ಕ. ಒಟ್ಟು 5 ಕೋಟಿ. ಅಹಮದಾಬಾದ್ ಪಾಲಿಕೆಯ ವಾರ್ಷಿಕ ಆಯವ್ಯಯ ಈಗ 10,000 ಕೋಟಿ ರೂಪಾಯಿಯನ್ನು ಮೀರಿದೆ. ಹತ್ತು ಸಾವಿರ ರೂಪಾಯಿಯಲ್ಲಿ ಐದು ರೂಪಾಯಿ! ಪಾಲಿಕೆಗೆ ಇದು ಆಯವ್ಯಯ ಪತ್ರದ ಒಂದು ಸಾಲೂ ಅಲ್ಲ. ಶನಿವಾರ ರಾತ್ರಿ ತಾಯಿಯನ್ನು ಕಳೆದುಕೊಂಡವನಿಗೆ ಅದು ಎರಡು ದಿನದ ದುಡಿಮೆ.

ಇಷ್ಟು ಹೇಳಿದ ಮೇಲೂ ಅನ್ಯಾಯದ ದೊಡ್ಡ ಪಾಲು ಶುಲ್ಕದ ಫಲಕದಲ್ಲಿ ಕಾಣಿಸುವುದಿಲ್ಲ ಎಂಬುದನ್ನು ಒಪ್ಪಬೇಕು. 2020ರ ಜುಲೈನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕೋವಿಡ್‌ನಿಂದ ಮೃತರಾದವರ ದಹನದ ವೆಚ್ಚವನ್ನು ತಾನೇ ಭರಿಸುವುದಾಗಿ ತೀರ್ಮಾನಿಸಿದಾಗ ಹೊರಬಂದ ಲೆಕ್ಕ ಬೋಧಪ್ರದವಾಗಿದೆ: ದಹನಕ್ಕೆ 250 ರೂಪಾಯಿ, ಚಿತಾಭಸ್ಮದ ಕುಡಿಕೆಗೆ 100, ಚಟ್ಟಕ್ಕೆ 900, ಒಟ್ಟು 1,250. ಪಾಲಿಕೆಯ ಕುಲುಮೆಗಿಂತ ಬಿದಿರಿನ ಚಟ್ಟ ಮೂರೂವರೆ ಪಟ್ಟು ತುಟ್ಟಿ. ಶವವಾಹನ, ಕಟ್ಟಿಗೆ, ಹೂವು, ‘ಸಂತೋಷಕ್ಕೆ’ ಎಂದು ಕೇಳುವ ಕೈಗಾಣಿಕೆ ಇವು ಈ ಲೆಕ್ಕಕ್ಕೂ ಹೊರಗೆ. ಆದುದರಿಂದ ಶುಲ್ಕವನ್ನಷ್ಟೇ ಮನ್ನಾ ಮಾಡಿ ಉಳಿದುದನ್ನು ಮಾರುಕಟ್ಟೆಗೆ ಬಿಟ್ಟರೆ ಆದದ್ದು ಅರ್ಧ ನ್ಯಾಯ. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಮೃತರ ಘನತೆಯ ಕುರಿತು ಹೊರಡಿಸಿದ ಸಲಹೆಯಲ್ಲಿ ಶವವಾಹನಗಳ ದರ ನಿಗದಿಯನ್ನೂ ಸೇರಿಸಿದ್ದಕ್ಕೆ ಇದೇ ಕಾರಣ.

ಬೆಂಗಳೂರಿನ ತೀರ್ಮಾನ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಸೋಂಕಿನಿಂದ ಸತ್ತವರ ಮನೆಯವರಿಂದ ಹಣ ಪಡೆಯುವುದು ತಪ್ಪೆಂದು ತೋರಿದ್ದು ಸರಿಯೇ. ಹಾವು ಕಚ್ಚಿ ಸತ್ತವನ, ಹೆರಿಗೆಯಲ್ಲಿ ಸತ್ತವಳ, ಬಣ್ಣದ ಕಾರ್ಖಾನೆಯ ಹೊಗೆಗೆ ಶ್ವಾಸಕೋಶ ಸವೆದು ಸತ್ತವನ ಮನೆಯವರ ದುಃಖಕ್ಕೆ ಬೇರೆ ತೂಕವಿದೆಯೇ?

ಸಹಾಯಧನಗಳಿವೆಯಲ್ಲ ಎಂದು ಕೆಲವರು ಹೇಳಬಹುದು. ವಟ್ವಾದ ಆ ಯುವಕನ ಪಾಲಿಗೆ ಅವು ಹೇಗೆ ಒದಗುತ್ತವೆ ಎಂಬುದನ್ನು ನೋಡಬೇಕು. ಅವನ ಸಂಬಳ 21,000 ರೂಪಾಯಿಯ ಮಿತಿಯೊಳಗಿರುವುದರಿಂದ ಅವನು ಇ.ಎಸ್.ಐ. ವಿಮೆಗೆ ಒಳಪಡುತ್ತಾನೆ. ಅದರಲ್ಲಿ ಅಂತ್ಯಕ್ರಿಯೆಗೆ 15,000 ರೂಪಾಯಿಯವರೆಗೆ ನೆರವಿದೆ. ಆದರೆ ಅದು ವಿಮೆದಾರನೇ ಸತ್ತಾಗ. ತಾಯಿಯ ಸಾವಿಗೆ ಇಲ್ಲ. ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ದೊರೆಯುವುದು ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ವ್ಯಕ್ತಿ ಸತ್ತಾಗ. ಅರವತ್ತೆಂಟರ ಮುದುಕಿಗೆ ಇಲ್ಲ. ಕರ್ನಾಟಕ ಸರ್ಕಾರದ ಅಂತ್ಯಸಂಸ್ಕಾರ ಯೋಜನೆಯಲ್ಲಿ ಬಡಕುಟುಂಬಕ್ಕೆ 5,000 ರೂಪಾಯಿ ಸಿಗುತ್ತದೆ. ಆದರೆ ಅವನು ಇರುವುದು ಗುಜರಾತಿನಲ್ಲಿ. ಮೂರು ಯೋಜನೆಗಳೂ ಒಳ್ಳೆಯವೇ. ಮೂರೂ ಆ ಮುದುಕಿಯ ಪಕ್ಕದಿಂದ ಹಾದುಹೋಗುತ್ತವೆ. ಒಂದು ವೇಳೆ ದೊರೆತರೂ ಅರ್ಜಿ, ಪ್ರಮಾಣಪತ್ರ, ಮಂಜೂರಾತಿಗಳ ನಂತರವೇ. ಖರ್ಚು ಭಾನುವಾರದ್ದು, ನೆರವು ಯಾವುದೋ ತಿಂಗಳಿನದು. ನಡುವಿನ ಅಂತರವನ್ನು ತುಂಬುವವನು ಬಡ್ಡಿಗೆ ಕೊಡುವವನು.

ಶುಲ್ಕ ಇರಲಿ, ಬಡವರಿಗೆ ಮಾತ್ರ ವಿನಾಯಿತಿ ಇರಲಿ ಎಂಬ ಸಲಹೆಯೂ ಈ ಕಾರಣಕ್ಕೇ ನಿಲ್ಲುವುದಿಲ್ಲ. ಸ್ಮಶಾನದ ಬಾಗಿಲಲ್ಲಿ ತನ್ನ ಬಡತನವನ್ನು ಸಾಬೀತುಪಡಿಸು ಎಂದು ಹೆಣ ಹೊತ್ತು ನಿಂತವನಿಗೆ ಹೇಳುವುದು ಶುಲ್ಕಕ್ಕಿಂತ ದೊಡ್ಡ ದಂಡ. ಇಂಗ್ಲೆಂಡ್ ಈ ಪಾಠವನ್ನು ತಡವಾಗಿ ಕಲಿಯಿತು. ಅಲ್ಲಿನ ಸ್ಥಳೀಯ ಸಂಸ್ಥೆಗಳು ಮಕ್ಕಳನ್ನು ಹೂಳುವುದಕ್ಕೂ ಶುಲ್ಕ ಪಡೆಯುತ್ತಿದ್ದವು. ಸ್ವಾನ್ಸಿಯ ಸಂಸತ್ ಸದಸ್ಯೆ ಕ್ಯಾರೊಲಿನ್ ಹ್ಯಾರಿಸ್ 1989ರಲ್ಲಿ ತಮ್ಮ ಎಂಟು ವರ್ಷದ ಮಗನನ್ನು ಕಳೆದುಕೊಂಡಾಗ ಅಂತ್ಯಕ್ರಿಯೆಯ ಹಣಕ್ಕೆ ನೆರೆಹೊರೆಯವರು ಚಂದಾ ಎತ್ತಬೇಕಾಯಿತು. ಅವರ ದೀರ್ಘ ಹೋರಾಟದ ಫಲವಾಗಿ ವೇಲ್ಸ್‌ನಲ್ಲಿ 2017ರಲ್ಲಿ ಮಕ್ಕಳ ಶುಲ್ಕ ರದ್ದಾಯಿತು; ಇಂಗ್ಲೆಂಡಿನಲ್ಲಿ 2019ರ ಜುಲೈ 23ರಂದು 18 ವರ್ಷದೊಳಗಿನವರ ಅಂತ್ಯಕ್ರಿಯೆಗೆ ಸರ್ಕಾರಿ ನಿಧಿ ಜಾರಿಗೆ ಬಂತು. ಆ ನಿಧಿ ತಂದೆತಾಯಿಯ ಆದಾಯವನ್ನು ಕೇಳುವುದಿಲ್ಲ. ಶ್ರೀಮಂತನಿಗೂ ಸಿಗುತ್ತದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸರಳ: ಶ್ರೀಮಂತನಿಂದ ಪಡೆಯಬೇಕಾದದ್ದನ್ನು ಬದುಕಿರುವಾಗ ತೆರಿಗೆಯಾಗಿ ಪಡೆಯಬಹುದು, ಅವನ ಮಗು ಸತ್ತ ದಿನ ಅಲ್ಲ.

ವಿರೋಧದ ವಾದಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು ನೆಲದ ಅಭಾವ. ಹೂಳುವವರಿಗೆ ನೆಲ ಬೇಕು, ನಗರದಲ್ಲಿ ನೆಲ ದುಬಾರಿ, ಶುಲ್ಕವಿಲ್ಲದಿದ್ದರೆ ಬೇಡಿಕೆ ಮಿತಿಮೀರುತ್ತದೆ ಎನ್ನುತ್ತಾರೆ. ಆದರೆ ಸಾವಿನ ಬೇಡಿಕೆ ದರವನ್ನು ನೋಡಿ ಏರಿಳಿಯುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಂದೇ ಬರುತ್ತಾಳೆ. ಊರಿನಲ್ಲಿ ಹುಟ್ಟಿದವರೂ ಬಂದು ನೆಲೆಸಿದವರೂ ಒಂದು ದಿನ ಈ ನೆಲಕ್ಕೆ ಬಂದೇ ಬರುತ್ತಾರೆ. ನೆಲದ ಅಭಾವಕ್ಕೆ ಪರಿಹಾರ ನಗರಯೋಜನೆಯಲ್ಲಿದೆ. ಹೊಸ ಬಡಾವಣೆಗೆ ಶಾಲೆ, ಉದ್ಯಾನಗಳಂತೆ ಸ್ಮಶಾನಕ್ಕೂ ಜಾಗ ಕಾದಿರಿಸಬೇಕು. ಕರ್ನಾಟಕದಲ್ಲಿ ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಒದಗಿಸುವಂತೆ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಬೇಕಾಯಿತೆಂಬುದು ಯೋಜನೆಯ ಲೋಪಕ್ಕೆ ಸಾಕ್ಷಿ. ಹೊರಗಿನಿಂದ ಬಂದು ದುಡಿಯುವವರಿಗೆ ‘ನೀವು ಊರಿನವರಲ್ಲ’ ಎಂದು ಹೆಚ್ಚಿನ ದರ ವಿಧಿಸುವುದಂತೂ ಕೃತಘ್ನತೆ. ಅವರ ಬೆವರು ಊರಿನದಾದರೆ ಅವರ ಸಾವೂ ಊರಿನದೇ.

ಎರಡನೆಯ ವಾದ ನಿರ್ವಹಣೆಯದು: ಉಚಿತವಾದದ್ದು ಹಾಳಾಗುತ್ತದೆ, ಗುತ್ತಿಗೆಗೆ ಕೊಟ್ಟರೆ ಶುಚಿಯಾಗಿರುತ್ತದೆ. 2025ರಲ್ಲಿ ವಡೋದರಾ ಪಾಲಿಕೆ ನಗರದ ಸ್ಮಶಾನಗಳ ನಿರ್ವಹಣೆಯನ್ನು ಖಾಸಗಿ ಗುತ್ತಿಗೆದಾರರಿಗೆ ವಹಿಸಲು ಹೊರಟಾಗ ಜನರ ವಿರೋಧ ಎದ್ದಿತು. ಗುತ್ತಿಗೆಯೇ ಪಾಪವೆಂದಲ್ಲ. ಗುತ್ತಿಗೆದಾರನಿಗೆ ಪಾಲಿಕೆ ಹಣ ಕೊಡುವುದು ಬೇರೆ, ಅವನು ಶೋಕಾರ್ತರಿಂದ ವಸೂಲು ಮಾಡಿಕೊಳ್ಳಲು ಬಿಡುವುದು ಬೇರೆ. ಮೊದಲನೆಯದರಲ್ಲಿ ಲೆಕ್ಕ ಕೇಳಲು ಒಂದು ಕಚೇರಿಯಿದೆ. ಎರಡನೆಯದರಲ್ಲಿ ಕಣ್ಣೀರಿನ ಮುಂದೆ ಒಂದು ಚಾಚಿದ ಕೈ ಮಾತ್ರ ಇದೆ. ಹಾಗೆಯೇ, ಉಚಿತವೆಂಬುದು ಗುಂಡಿ ತೋಡುವವನ, ಚಿತೆ ಒಟ್ಟುವವನ ಕೂಲಿಯನ್ನು ಕಬಳಿಸುವ ಉಪಾಯವಾಗಬಾರದು. ಅವನಿಗೆ ಪಾಲಿಕೆಯೇ ತಿಂಗಳ ಸಂಬಳ ಕೊಟ್ಟರೆ ಮಾತ್ರ ಕೈಗಾಣಿಕೆಯನ್ನು ನಿಷೇಧಿಸುವ ನೈತಿಕ ಅಧಿಕಾರ ಅದಕ್ಕೆ ಬರುತ್ತದೆ.

ಇನ್ನು ಆಯ್ಕೆಯ ವಿಚಾರ. ಸೂರತ್ತಿನಲ್ಲಿ 17ನೆಯ ಶತಮಾನದ ಇಂಗ್ಲಿಷ್ ಮತ್ತು ಡಚ್ ವ್ಯಾಪಾರಿಗಳ ಗೋರಿಗಳು ಇಂದಿಗೂ ಗುಮ್ಮಟ ಎತ್ತಿ ನಿಂತಿವೆ. ಬದುಕಿರುವಾಗಿನ ಪೈಪೋಟಿಯನ್ನು ಸತ್ತ ಮೇಲೂ ಮುಂದುವರಿಸಿದ ವೈಭವ ಅದು. ಅಂಥ ವೈಭವ ಬೇಕೆನ್ನುವವರು ಹಣ ಕೊಡಲಿ: ಅಮೃತಶಿಲೆಗೆ, ಕಾದಿರಿಸಿದ ಜಾಗಕ್ಕೆ, ಚಂದನದ ಕಟ್ಟಿಗೆಗೆ. ನೆಲ, ಬೆಂಕಿ, ದಾಖಲೆ ಈ ಮೂರು ಮಾತ್ರ ಆಯ್ಕೆಯಲ್ಲ, ಅಗತ್ಯ. ಸಾವಿನ ನೋಂದಣಿಯಲ್ಲಿ ಈ ತತ್ತ್ವ ಆಗಲೇ ಇದೆ. 1969ರ ಕಾಯಿದೆಯ ಪ್ರಕಾರ 21 ದಿನಗಳೊಳಗೆ ತಿಳಿಸಿದರೆ ನೋಂದಣಿಯ ಮೊದಲ ಪ್ರತಿ ಉಚಿತ. ದಾಖಲೆಗೆ ಒಪ್ಪಿದ ನ್ಯಾಯ ದೇಹಕ್ಕೆ ಏಕೆ ಒಪ್ಪಬಾರದು?

ಪಾಲಿಕೆಯನ್ನು ಪ್ರಶ್ನಿಸುವ ಸಮಾಜ ತನ್ನ ಮನೆಯ ಲೆಕ್ಕವನ್ನೂ ತೆರೆದಿಡಬೇಕು. ಮುನಿಗಳ ಅಂತಿಮ ಯಾತ್ರೆಯಲ್ಲಿ ಪಲ್ಲಕ್ಕಿಗೆ ಹೆಗಲು ಕೊಡುವ, ಅಗ್ನಿ ಇಡುವ ಹಕ್ಕನ್ನು ‘ಬೋಲಿ’ ಕೂಗಿ ಹರಾಜು ಮಾಡುವ ಪದ್ಧತಿ ಜೈನ ಸಮಾಜದಲ್ಲಿದೆ. ಜೀವನವಿಡೀ ಹಣವನ್ನು ಮುಟ್ಟದೆ ಅಪರಿಗ್ರಹವನ್ನು ಪಾಲಿಸಿದವರ ದೇಹದ ಮುಂದೆ ಹಣದ ಅಂಕಿಗಳು ಏರುತ್ತವೆ. ಆ ಹಣ ಧರ್ಮಕಾರ್ಯಕ್ಕೆ ಸಲ್ಲುತ್ತದೆ ಎಂಬುದು ನಿಜ. ಹಾಗಿದ್ದರೆ ಅದರ ಒಂದು ಪಾಲು ಊರಿನ ಬಡವರ ಶವಸಂಸ್ಕಾರಕ್ಕೆ, ಜಾತಿಮತ ಕೇಳದೆ, ಸಲ್ಲಲಿ. ಶ್ರವಣಬೆಳಗೊಳದ ಚಂದ್ರಗಿರಿಯ ನಿಸಿಧಿಗಳನ್ನು ನೋಡಿದವರಿಗೆ ಈ ಮಾತು ಹೊಸತಲ್ಲ. ಏನನ್ನೂ ಇಟ್ಟುಕೊಳ್ಳದೆ ದೇಹ ತೊರೆದವರ ನೆನಪನ್ನು ಉಳಿದವರು ತಮ್ಮ ವೆಚ್ಚದಲ್ಲಿ ಕಲ್ಲಿಗೆ ಬರೆಸಿದರು. ಸತ್ತವರು ಏನನ್ನೂ ಕೊಡಲಾರರು, ಕೊಡಬೇಕಾದವರು ಉಳಿದವರು ಎಂಬ ತಿಳಿವಳಿಕೆ ಆ ಬಂಡೆಯ ಮೇಲಿದೆ.

ಆದುದರಿಂದ ಪ್ರತಿ ಮಹಾನಗರಪಾಲಿಕೆ, ಪುರಸಭೆಗಳ ಮುಂದೆ ಸಮಾಜವು ಇಡಬೇಕಾದ ಬೇಡಿಕೆಗಳು ಐದು. ಒಂದು, ಸರಳ ಹೂಳುವಿಕೆ ಮತ್ತು ಸರಳ ದಹನ ಎಲ್ಲರಿಗೂ ಶುಲ್ಕರಹಿತವಾಗಿರಲಿ. ಆದಾಯವನ್ನಾಗಲಿ ಊರಿನ ದಾಖಲೆಯನ್ನಾಗಲಿ ಕೇಳದಿರಲಿ. ಎರಡು, ಶವವಾಹನ, ಕಟ್ಟಿಗೆ, ಚಟ್ಟಗಳಿಗೆ ಗರಿಷ್ಠ ದರವನ್ನು ನಿಗದಿಪಡಿಸಿ ಸ್ಮಶಾನದ ಬಾಗಿಲಲ್ಲಿ ಊರಿನ ಜನ ಓದಬಲ್ಲ ಭಾಷೆಗಳಲ್ಲಿ ಬರೆಸಲಿ. ಮೂರು, ರಾತ್ರಿಯಾಗಲಿ ರಜಾದಿನವಾಗಲಿ ಹಣ ಮೊದಲು ಕೇಳದೆ ಸಂಸ್ಕಾರ ನಡೆಯಲಿ. ನಾಲ್ಕು, ಸ್ಮಶಾನದ ಕೆಲಸಗಾರರಿಗೆ ಖಾಯಂ ವೇತನವಿರಲಿ. ಐದು, ಪ್ರತಿಯೊಂದು ಸ್ಮಶಾನದ ಆದಾಯವೆಚ್ಚದ ಪತ್ರ, ಪಾಲಿಕೆಯದಾಗಲಿ ಗುತ್ತಿಗೆದಾರನದಾಗಲಿ ಸಮಾಜದ ಟ್ರಸ್ಟಿನದಾಗಲಿ, ವರ್ಷಕ್ಕೊಮ್ಮೆ ಸಾರ್ವಜನಿಕವಾಗಲಿ.

ಕುಮಾರಪಾಲನು ರುದತೀವಿತ್ತವನ್ನು ತ್ಯಜಿಸಿದಾಗ ಬೊಕ್ಕಸ ಬರಿದಾದೀತೆಂದು ಅಂಜಿದವರು ಅಂದೂ ಇದ್ದಿರಬೇಕು. ಆ ಬೊಕ್ಕಸದ ಮೊತ್ತ ಇಂದು ಯಾರಿಗೂ ನೆನಪಿಲ್ಲ. ಆ ತ್ಯಾಗ ನೆನಪಿದೆ. ವಟ್ವಾದ ಆ ಕೋಣೆಯಲ್ಲಿ ಭಾನುವಾರ ಬೆಳಗಾಗುತ್ತದೆ. ಮಗ ತನ್ನ ತಾಯಿಯನ್ನು ಮಣ್ಣಿಗೆ ಒಪ್ಪಿಸಿ ಮನೆಗೆ ಮರಳುವಾಗ ಅವನ ಮೇಲೆ ದುಃಖದ ಭಾರ ಮಾತ್ರ ಇರಲಿ, ಸಾಲದ ಭಾರ ಇರದಿರಲಿ. ಒಂದು ಊರು ತನ್ನನ್ನು ಊರೆಂದು ಕರೆದುಕೊಳ್ಳಲು ಕನಿಷ್ಠ ಇಷ್ಟು ಮಾಡಬೇಕು.